ಝೆನಾನ್ ಹೆಡ್‌ಲೈಟ್ ಮಿಣುಕುತ್ತಿದೆಯೇ? ಪಾರ್ಟ್ಸ್ ಕೊಳ್ಳುವ ಮೊದಲು ಇಷ್ಟು ನೋಡಿ

ನನ್ನ ಕಾರಿನ ಎಡಗಡೆ ಹೆಡ್‌ಲೈಟ್ ಮಿಣುಕಲು ಶುರುವಾದಾಗ ನಾನು ಮೊದಲು ಮಾಡಿದ್ದು ಹೊಸ ಬ್ಯಾಲಾಸ್ಟ್ (ಬಲ್ಬಿಗೆ ಬೇಕಾದ ಕರೆಂಟ್ ಅಳೆದು ಕೊಡುವ ಡಬ್ಬಿ) ಕೊಂಡದ್ದು. ಗ್ಯಾರೇಜಿನಲ್ಲಿ ಹಾಗೇ ಹೇಳಿದ್ದರು. ಅದನ್ನು ಹಾಕಿಸಿದೆ. ಎರಡು ದಿನ ದೀಪ ಚೆನ್ನಾಗಿಯೇ ಉರಿಯಿತು. ಮೂರನೇ ದಿನ ಮತ್ತೆ ಅದೇ ಮಿಣುಕು. ಕೊನೆಗೆ ನೋಡಿದರೆ ತಪ್ಪು ಬಲ್ಬಿನದು. ಎಡಗಡೆ ಬಲ್ಬನ್ನು ಬಲಗಡೆಗೆ ಹಾಕಿ ನೋಡಿದ್ದರೆ, ಒಂದು ಕಾಸೂ ಖರ್ಚಿಲ್ಲದೆ ಅದೇ ಸಂಜೆ ಗೊತ್ತಾಗಿಬಿಡುತ್ತಿತ್ತು.

ಹಾಗಾಗಿ ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು. ಮೊದಲು ದೀಪ ಹೇಗೆ ಮಿಣುಕುತ್ತಿದೆ ಅಂತ ಗಮನಿಸಿ. ಆಮೇಲೆ ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿ. ಅಂಗಡಿಗೆ ಹೋಗುವುದು ಕೊನೆಗೆ.

ಈ ದೀಪ ಉರಿಯುವುದು ಹೇಗೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಸಾಧಾರಣ ಹ್ಯಾಲೋಜನ್ ಬಲ್ಬಿನಲ್ಲಿ ಒಂದು ತಂತಿ ಕಾದು ಬೆಳಕು ಕೊಡುತ್ತದೆ. ಝೆನಾನ್ ಬಲ್ಬಿನಲ್ಲಿ ಅಂಥ ತಂತಿಯೇ ಇಲ್ಲ. ಚಿಕ್ಕ ಗಾಜಿನ ಗುಳಿಗೆಯೊಳಗೆ ಎರಡು ಟಂಗ್‌ಸ್ಟನ್ ಮೊನೆಗಳು ಎದುರುಬದುರು ಇರುತ್ತವೆ. ನಡುವೆ ಕೆಲವೇ ಮಿಲಿಮೀಟರ್ ಜಾಗ. ಆ ಜಾಗವನ್ನು ದಾಟಿ ಕಿಡಿ ಹಾರಬೇಕು, ಹಾರಿದ ಕಿಡಿ ನಿಲ್ಲಬೇಕು. ಒಳಗಿರುವ ಝೆನಾನ್ ಅನಿಲ ದೀಪ ಹತ್ತಿದ ಕ್ಷಣವೇ ಬೆಳಕು ಕೊಡುತ್ತದೆ. ಕೆಲವು ಸೆಕೆಂಡುಗಳಲ್ಲಿ ಒಳಗಿನ ಲೋಹದ ಲವಣಗಳು ಕಾದು ಆವಿಯಾಗುತ್ತವೆ. ಆಗ ಪೂರ್ತಿ ಬಿಳಿ ಬೆಳಕು ಬರುತ್ತದೆ.

ಮೊದಲ ಕಿಡಿ ಹಾರಿಸಲು 20,000 ವೋಲ್ಟಿಗೂ ಜಾಸ್ತಿ ಬೇಕು. ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಈ ಕೆಲಸಕ್ಕೇ ಬ್ಯಾಲಾಸ್ಟ್ ಮತ್ತು ಮೊದಲ ಕಿಡಿ ಹಾರಿಸುವ ಇಗ್ನೈಟರ್ ಇರುವುದು. ಕಿಡಿ ಹಾರಿದ ಮೇಲೆ ಅಷ್ಟು ವೋಲ್ಟೇಜ್ ಬೇಡ. ಆಮೇಲೆ ಬ್ಯಾಲಾಸ್ಟ್ ಬಲ್ಬಿಗೆ ಸುಮಾರು 35 ವ್ಯಾಟ್ ಅಳೆದು ಕೊಡುತ್ತಾ ಹೋಗುತ್ತದೆ. ಆ ಕರೆಂಟ್ ಸೆಕೆಂಡಿಗೆ ನೂರಾರು ಸಲ ದಿಕ್ಕು ಬದಲಿಸುತ್ತದೆ. ಪ್ರತಿ ಸಲವೂ ಕಿಡಿ ಕಡಿಯದೆ ಮುಂದುವರಿಯಬೇಕು.

ಮಿಣುಕು ಅಂದರೆ ಆ ಕಿಡಿ ಅಲುಗಾಡುತ್ತಿದೆ, ಇಲ್ಲವೇ ಕಡಿದು ಮತ್ತೆ ಹತ್ತುತ್ತಿದೆ ಅಂತ ಅರ್ಥ. ಬಲ್ಬಿನ ಮೊನೆಗಳು ಸವೆದಿದ್ದರೆ ಹಾಗಾಗುತ್ತದೆ. ಬ್ಯಾಲಾಸ್ಟ್ ಸೋತಿದ್ದರೂ ಆಗುತ್ತದೆ. ಬ್ಯಾಲಾಸ್ಟಿಗೆ ಬರುವ ಕರೆಂಟೇ ಸರಿ ಇಲ್ಲದಿದ್ದರೂ ಆಗುತ್ತದೆ. ಈ ಮೂರರಲ್ಲಿ ಯಾವುದು ಅಂತ ಕಂಡುಹಿಡಿಯುವುದೇ ನಮ್ಮ ಕೆಲಸ.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ದೀಪ ಹತ್ತುವಾಗಿನ ಮೊದಲ ಕೆಲವು ಸೆಕೆಂಡು ಬ್ಯಾಲಾಸ್ಟ್ ಎಳೆಯುವ ಕರೆಂಟ್ ಬಹಳ ಜಾಸ್ತಿ. ಆಮೇಲೆ ಅದು ಒಂದೊಂದು ದೀಪಕ್ಕೆ 3-4 ಆಂಪಿಯರ್‌ಗೆ ಇಳಿಯುತ್ತದೆ.

ಕೈ ಹಾಕುವ ಮೊದಲು

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಬ್ಯಾಲಾಸ್ಟಿನಿಂದ ಬಲ್ಬಿಗೆ ಹೋಗುವ ವೈರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಇರುತ್ತದೆ. ಹೆಡ್‌ಲೈಟ್ ಆಫ್ ಮಾಡಿ. ಇಗ್ನಿಷನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ. ಆಮೇಲೂ ಹತ್ತು ನಿಮಿಷ ಸುಮ್ನೆ ಬಿಡಿ. ಬಲ್ಬ್ ತಣ್ಣಗಾಗಬೇಕು, ಬ್ಯಾಲಾಸ್ಟಿನೊಳಗೆ ಉಳಿದ ಕರೆಂಟ್ ಇಳಿಯಬೇಕು. ಕಾರಿನಲ್ಲಿ ಆಟೋ ಲೈಟ್ ಇದ್ದರೆ ಅದನ್ನೂ ಆಫ್ ಮಾಡಿ. ನೀವು ಬಗ್ಗಿ ಕೆಲಸ ಮಾಡುವಾಗ ದೀಪ ತಾನಾಗೇ ಹತ್ತಿಕೊಳ್ಳಬಾರದು.

ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಒಂದೇ ಸಮ ಕಾಯುವುದಿಲ್ಲ, ಬಲ್ಬ್ ಬೇಗ ಹಾಳಾಗುತ್ತದೆ. ತಪ್ಪಿ ಮುಟ್ಟಿದರೆ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ. ಒಳಗೆ ಒತ್ತಡದ ಅನಿಲ ಇರುತ್ತದೆ, ಆದ್ದರಿಂದ ಕನ್ನಡಕ ಹಾಕಿಕೊಳ್ಳಿ. ಬಲ್ಬನ್ನು ಹೆಡ್‌ಲೈಟಿನಿಂದ ಹೊರಗೆ ತೆಗೆದು ಕೈಯಲ್ಲಿ ಹಿಡಿದು ಉರಿಸಿ ನೋಡುವುದು ಬೇಡವೇ ಬೇಡ.

ಮಲ್ಟಿಮೀಟರ್ ಬಳಸುವುದು ಬ್ಯಾಲಾಸ್ಟಿಗೆ ಕರೆಂಟ್ ಬರುವ ಕಡೆ ಮಾತ್ರ. ಬಲ್ಬಿನ ಕಡೆ ಎಂದೂ ಹಿಡಿಯಬೇಡಿ. ಮೀಟರ್ ಸುಡುತ್ತದೆ, ಅದಕ್ಕಿಂತ ಮುಖ್ಯವಾಗಿ ನಿಮಗೆ ಪೆಟ್ಟಾಗುತ್ತದೆ.

ಮೊದಲ ಹೆಜ್ಜೆ: ಸುಮ್ನೆ ನೋಡಿ

ಕತ್ತಲಲ್ಲಿ ಒಂದು ಗೋಡೆಯ ಮುಂದೆ ಕಾರು ನಿಲ್ಲಿಸಿ. ಎಂಜಿನ್ ಆನ್ ಇರಲಿ. ದೀಪ ಹಾಕಿ ಅರ್ಧ ಗಂಟೆ ಗೋಡೆ ಮೇಲಿನ ಬೆಳಕನ್ನು ನೋಡಿ. ಇದು ಬೇಜಾರಿನ ಕೆಲಸ, ನಿಜ. ಆದರೆ ಇಡೀ ಹುಡುಕಾಟದಲ್ಲಿ ಇದರಷ್ಟು ಉಪಯೋಗದ ಹೆಜ್ಜೆ ಇನ್ನೊಂದಿಲ್ಲ. ಕಾರು ತೆರೆದ ಜಾಗದಲ್ಲಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ.

ಒಂದೇ ಕಡೆಯ ದೀಪ ಮಿಣುಕುತ್ತಿದೆಯೋ, ಎರಡೂ ಒಟ್ಟಿಗೆ ಮಿಣುಕುತ್ತಿವೆಯೋ? ಇದು ಮೊದಲ ಪ್ರಶ್ನೆ. ಒಂದೇ ಕಡೆ ಆದರೆ ತೊಂದರೆ ಆ ಕಡೆಯ ಬಲ್ಬ್, ಬ್ಯಾಲಾಸ್ಟ್ ಅಥವಾ ವೈರಿನಲ್ಲಿದೆ. ಎರಡೂ ಒಂದೇ ಸಲ ಮಿಣುಕಿದರೆ ಬಲ್ಬನ್ನು ಮರೆತುಬಿಡಿ. ಎರಡು ಬಲ್ಬ್ ಒಂದೇ ಕ್ಷಣದಲ್ಲಿ ಮಿಣುಕಲು ಕಾರಣ ಎರಡಕ್ಕೂ ಕರೆಂಟ್ ಕೊಡುವ ಜಾಗದಲ್ಲೇ ಇರಬೇಕು.

ಎರಡನೆಯದು ಬಣ್ಣ. ಕಂಪನಿಯಿಂದ ಬಂದ ಝೆನಾನ್ ಬಲ್ಬಿನ ಬೆಳಕು ಬಿಳಿ, ಸ್ವಲ್ಪ ಬೆಚ್ಚಗಿನ ಬಿಳಿ. ಬಲ್ಬ್ ಮುಪ್ಪಾದ ಹಾಗೆ ಅದು ಗುಲಾಬಿ ಅಥವಾ ನೇರಳೆ ಕಡೆಗೆ ತಿರುಗುತ್ತದೆ. ಒಂದು ಕಡೆ ಬಿಳಿ, ಇನ್ನೊಂದು ಕಡೆ ನಸುಗುಲಾಬಿ ಕಂಡರೆ ಆ ಗುಲಾಬಿ ಬಲ್ಬಿನ ಕಾಲ ಮುಗಿಯುತ್ತಾ ಬಂತು ಅಂತಲೇ ತಿಳಿಯಿರಿ. ದೀಪ ಹಾಕಿದ ಮೊದಲ ಕೆಲವು ಸೆಕೆಂಡು ಮಾತ್ರ ಬಣ್ಣ ಬದಲಾಗುವುದು, ಬೆಳಕು ಏರುವುದು ಸಹಜ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮೂರನೆಯದು ಸಮಯ. ಹತ್ತುವಾಗಲೇ ತಡವರಿಸಿ, ಎರಡು ಮೂರು ಸಲ ಮಿಂಚಿ ಆಮೇಲೆ ಸರಿಯಾಗಿ ಉರಿಯುತ್ತದೆಯೇ? ಹತ್ತುವಾಗ ಕರೆಂಟ್ ಜಾಸ್ತಿ ಬೇಕು ಅಂದೆನಲ್ಲ. ಸಡಿಲ ಜೋಡಣೆ, ತುಕ್ಕು ಹಿಡಿದ ಅರ್ಥ್ (ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಜೋಡಣೆ), ಸೋತ ಬ್ಯಾಟರಿ ಇವೆಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಇಗ್ನೈಟರ್ ಸೋತಾಗಲೂ ಹೀಗೇ ಆಗುತ್ತದೆ. ಅದರ ಬದಲು ಮೊದಲು ಚೆನ್ನಾಗಿ ಉರಿದು, ಇಪ್ಪತ್ತು ಮೂವತ್ತು ನಿಮಿಷ ಕಾದ ಮೇಲೆ ಮಿಣುಕಲು ಶುರುವಾದರೆ ಬಲ್ಬ್ ಅಥವಾ ಬ್ಯಾಲಾಸ್ಟ್ ಮೇಲೆ ಅನುಮಾನ ಪಡಬೇಕು. ಕಾದಾಗ ಸೋಲುವುದು ಎರಡರ ಸ್ವಭಾವವೂ ಹೌದು.

ನಾಲ್ಕನೆಯದು ಹವೆ. ಮಳೆ ಬಂದಾಗ, ಕಾರು ತೊಳೆದ ಮೇಲೆ ಮಾತ್ರ ಮಿಣುಕುತ್ತದೆ ಅಂದರೆ ಎಲ್ಲೋ ನೀರು ಒಳಗೆ ಹೋಗುತ್ತಿದೆ. ಇಂಥ ಸುಳಿವು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಕೊನೆಗೆ, ದೀಪ ಪೂರ್ತಿ ಆರಿ, ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹತ್ತುತ್ತದೆಯೇ? ಇದು ಮುಪ್ಪಾದ ಬಲ್ಬಿನ ಗುರುತು. ಮೊನೆಗಳು ಸವೆದ ಹಾಗೆ ನಡುವಿನ ಜಾಗ ದೊಡ್ಡದಾಗುತ್ತದೆ. ಕಿಡಿ ಉಳಿಸಿಕೊಳ್ಳಲು ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಒಂದು ಮಿತಿ ದಾಟಿದರೆ ಬ್ಯಾಲಾಸ್ಟ್ ತನ್ನನ್ನು ಕಾಪಾಡಿಕೊಳ್ಳಲು ಕೈಬಿಡುತ್ತದೆ. ಸ್ವಿಚ್ ಹೊಸದಾಗಿ ಹಾಕಿದಾಗ ಮತ್ತೆ ಪ್ರಯತ್ನ ಮಾಡುತ್ತದೆ. ಜನ ಇದನ್ನು ನೋಡಿ ಬ್ಯಾಲಾಸ್ಟ್ ಹೋಗಿದೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಮಿಣುಕಲ್ಲದ ಮಿಣುಕು

ಕೆಲವು ಸಲ ದೀಪದಲ್ಲಿ ಏನೂ ತಪ್ಪಿರುವುದಿಲ್ಲ. ರಸ್ತೆ ಗುಂಡಿಗೆ ಇಳಿದಾಗ ಮಾತ್ರ ಬೆಳಕು ನಡುಗಿದರೆ ಅದು ಹೊಳಪು ಏರಿಳಿಯುತ್ತಿರುವುದೋ, ಬೆಳಕಿನ ಗೆರೆ ಕುಣಿಯುತ್ತಿರುವುದೋ ನೋಡಿ. ಗೆರೆ ಕುಣಿದರೆ ಒಳಗಿನ ಪ್ರೊಜೆಕ್ಟರ್ (ಬೆಳಕನ್ನು ಮುಂದಕ್ಕೆ ಚೆಲ್ಲುವ ಲೆನ್ಸಿನ ಭಾಗ) ಸಡಿಲವಾಗಿದೆ, ಇಲ್ಲವೇ ಹೆಡ್‌ಲೈಟಿನ ಎತ್ತರ ಬದಲಿಸುವ ಮೋಟರಿನ ಕೊಂಡಿ ಕಳಚಿದೆ. ಬಲ್ಬ್ ಬದಲಿಸಿದರೆ ಇದು ಹೋಗುವುದಿಲ್ಲ.

ಸ್ಟಾರ್ಟ್ ಮಾಡಿದಾಗ ಬೆಳಕು ಒಮ್ಮೆ ಕೆಳಗಿಳಿದು ಮೇಲೇರಿದರೆ ಅದು ಹೆಡ್‌ಲೈಟಿನ ಎತ್ತರವನ್ನು ತಾನಾಗೇ ಹೊಂದಿಸುವ ಆಟೋ ಲೆವೆಲಿಂಗ್ ತನ್ನನ್ನು ಪರೀಕ್ಷಿಸಿಕೊಳ್ಳುವುದು. ಹಾಗೆಯೇ ಮೊಬೈಲ್ ವಿಡಿಯೋದಲ್ಲಿ ಹಗಲಿನ ಎಲ್‌ಇಡಿ ದೀಪಗಳು ಪಟಪಟ ಹೊಡೆದುಕೊಳ್ಳುವಂತೆ ಕಾಣುವುದೂ ತೊಂದರೆಯಲ್ಲ. ಎಲ್‌ಇಡಿಗಳನ್ನು ಬೇಗಬೇಗ ಆನ್ ಆಫ್ ಮಾಡಿ ಹೊಳಪು ಕಡಿಮೆ ಮಾಡುತ್ತಾರೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ, ಅಷ್ಟೇ.

ನಿಮ್ಮ ಬಲ್ಬ್ ಯಾವುದು ಅಂತ ತಿಳಿದುಕೊಳ್ಳಿ

ಬಲ್ಬಿನ ಬುಡದಲ್ಲಿ ಡಿ1ಎಸ್, ಡಿ2ಎಸ್, ಡಿ3ಎಸ್, ಡಿ4ಎಸ್ ಅಂತ ಏನಾದರೊಂದು ಬರೆದಿರುತ್ತದೆ. ಡಿ1 ಮತ್ತು ಡಿ3 ಬಲ್ಬುಗಳ ಬುಡದಲ್ಲಿ ಲೋಹದ ಚೌಕ ಡಬ್ಬಿ ಇರುತ್ತದೆ. ಅದೇ ಇಗ್ನೈಟರ್. ಡಿ2 ಮತ್ತು ಡಿ4 ಬಲ್ಬುಗಳಲ್ಲಿ ಅದು ಬೇರೆ ಕಡೆ ಇರುತ್ತದೆ. ಕೊನೆಯ ಅಕ್ಷರ ಎಸ್ ಆದರೆ ಪ್ರೊಜೆಕ್ಟರ್ ದೀಪಕ್ಕೆ, ಆರ್ ಆದರೆ ರಿಫ್ಲೆಕ್ಟರ್ ದೀಪಕ್ಕೆ.

ಡಿ1 ಮತ್ತು ಡಿ2 ಬಲ್ಬುಗಳು ಉರಿಯುವುದು ಸುಮಾರು 85 ವೋಲ್ಟಿನಲ್ಲಿ. ಪಾದರಸ ಇಲ್ಲದ ಡಿ3 ಮತ್ತು ಡಿ4 ಬಲ್ಬುಗಳು ಸುಮಾರು 42 ವೋಲ್ಟಿನಲ್ಲಿ. ಆದ್ದರಿಂದ ನೋಡಲು ಒಂದೇ ತರ ಇದ್ದರೂ ಡಿ1ಎಸ್ ಜಾಗಕ್ಕೆ ಡಿ3ಎಸ್ ಹಾಕುವ ಹಾಗಿಲ್ಲ. ತಪ್ಪಿ ಕೂರಬಾರದು ಅಂತಲೇ ಬುಡದ ಕಚ್ಚುಗಳನ್ನು ಬೇರೆ ಮಾಡಿರುತ್ತಾರೆ. ಕೆಲವರು ಕಚ್ಚು ಕೆತ್ತಿ ಕೂರಿಸುತ್ತಾರೆ. ದೀಪ ಮಿಣುಕಲು ಅದೂ ಒಂದು ಕಾರಣ. ಹಳೆ ಕಾರು ಕೊಂಡಿದ್ದರೆ ಹಿಂದಿನವರು ಯಾವ ಬಲ್ಬ್ ಹಾಕಿದ್ದಾರೆ ಅಂತ ತೆಗೆದು ಓದಿ. ಕಾರಿನ ಮ್ಯಾನ್ಯುಯಲ್‌ನಲ್ಲಿ ಬರೆದದ್ದರ ಜೊತೆ ಹೋಲಿಸಿ.

ಅದಲು ಬದಲು ಪರೀಕ್ಷೆ

ಒಂದೇ ಕಡೆ ಮಿಣುಕುತ್ತಿದ್ದರೆ ಮಾಡಬೇಕಾದ ಪರೀಕ್ಷೆ ಇದು. ಎಡಗಡೆ ಬಲ್ಬನ್ನು ಬಲಗಡೆಗೆ, ಬಲಗಡೆಯದನ್ನು ಎಡಗಡೆಗೆ ಹಾಕಿ. ಬೇರೆ ಏನನ್ನೂ ಮುಟ್ಟಬೇಡಿ.

ಕೆಲವು ಕಾರುಗಳಲ್ಲಿ ಬಾನೆಟ್ ಎತ್ತಿ, ಹೆಡ್‌ಲೈಟ್ ಹಿಂದಿನ ಮುಚ್ಚಳ ತೆಗೆದರೆ ಬಲ್ಬ್ ಕೈಗೆ ಸಿಗುತ್ತದೆ. ಕೆಲವದರಲ್ಲಿ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರಿಸಿ ಕೈ ಹಾಕಬೇಕು. ಇನ್ನು ಕೆಲವದರಲ್ಲಿ ಬಂಪರ್ ಬಿಚ್ಚಿ ಹೆಡ್‌ಲೈಟನ್ನೇ ಹೊರಗೆ ತೆಗೆಯಬೇಕು. ಬಂಪರ್ ಬಿಚ್ಚುವ ಅಭ್ಯಾಸ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಮೆಕ್ಯಾನಿಕ್ ಕೈಲಿ ಮಾಡಿಸಿ. ಆದರೆ "ಬಲ್ಬ್ ಅದಲು ಬದಲು ಮಾಡಿ ಕೊಡಿ, ಹೊಸದೇನೂ ಹಾಕಬೇಡಿ" ಅಂತ ಸ್ಪಷ್ಟವಾಗಿ ಹೇಳಿ.

ಬಲ್ಬ್ ತೆಗೆಯುವ ಮೊದಲು ಅದು ಕೂತಿರುವ ರೀತಿಯ ಫೋಟೋ ತೆಗೆದುಕೊಳ್ಳಿ. ಬುಡದ ಕಚ್ಚು ಯಾವ ಕಡೆಗಿದೆ, ಕ್ಲಿಪ್ ಹೇಗೆ ಕೂತಿದೆ, ಎಲ್ಲ ಕಾಣಲಿ. ತೆಗೆಯುವಾಗ ಬಲ್ಬನ್ನು ನೇರ ಹಿಂದಕ್ಕೆ ಎಳೆಯಿರಿ. ಓರೆಯಾದರೆ ಗಾಜು ತಗುಲಿ ಮುರಿಯುತ್ತದೆ. ಕೈಗೆ ಬಂದ ಮೇಲೆ ಬುಡದ ಪಿನ್ನುಗಳನ್ನು, ಸಾಕೆಟ್ಟನ್ನು ಟಾರ್ಚ್ ಹಿಡಿದು ನೋಡಿ. ಸುಟ್ಟ ಕಪ್ಪು ಗುರುತು, ಕರಗಿದ ಪ್ಲಾಸ್ಟಿಕ್, ಹಸಿರು ಕಿಲುಬು ಏನಾದರೂ ಕಂಡರೆ ಅದೇ ಕಳ್ಳ ಇರಬಹುದು. ಎಷ್ಟೋ ಸಲ ಸಾಕೆಟ್ ಪೂರ್ತಿ ಕೂತಿಲ್ಲದೆ, ಕಾಲು ಸುತ್ತು ತಿರುಗಿಸಿ ಲಾಕ್ ಮಾಡದೆ ಬಿಟ್ಟದ್ದೇ ಮಿಣುಕಿಗೆ ಕಾರಣ ಆಗಿರುತ್ತದೆ.

ಎರಡನ್ನೂ ಬದಲಿಸಿ, ಮುಚ್ಚಳ ಹಾಕಿ, ಬ್ಯಾಟರಿ ಜೋಡಿಸಿ, ಮತ್ತೆ ಅದೇ ಗೋಡೆ ಮುಂದೆ ನಿಲ್ಲಿಸಿ ನೋಡಿ. ಮೊದಲು ಮಿಣುಕು ಬರಲು ಎಷ್ಟು ಹೊತ್ತು ಬೇಕಾಗಿತ್ತೋ ಅದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಕಾಯಿರಿ. ಬೇಗ ಗೊತ್ತಾಗಲಿ ಅಂತ ದೀಪವನ್ನು ಪದೇ ಪದೇ ಆಫ್ ಆನ್ ಮಾಡಬೇಡಿ. ಈ ಬಲ್ಬುಗಳಿಗೆ ಪ್ರತಿ ಸಲ ಹತ್ತುವುದೂ ಸವೆತವೇ.

ಮೊದಲು ಮಿಣುಕುತ್ತಿದ್ದದ್ದು ಎಡಗಡೆ ಅಂದುಕೊಳ್ಳಿ. ಮಿಣುಕು ಬಲ್ಬಿನ ಜೊತೆ ಬಲಗಡೆಗೆ ಬಂತೇ? ಹಾಗಾದರೆ ತೊಂದರೆ ಬಲ್ಬಿನದೇ. ಅದು ಎಡಗಡೆಯಲ್ಲೇ ಉಳಿಯಿತೇ? ಬಲ್ಬ್ ಚೆನ್ನಾಗಿದೆ. ಮುಂದಿನ ಹೆಜ್ಜೆಗೆ ಹೋಗಿ. ಎರಡು ಕಡೆಯೂ ಮಿಣುಕು ನಿಂತೇ ಹೋಯಿತೇ? ಆಗ ಬಹುಶಃ ಸಾಕೆಟ್ ಸಡಿಲ ಇತ್ತು, ತೆಗೆದು ಹಾಕಿದಾಗ ಸರಿಯಾಗಿ ಕೂತಿತು. ಒಂದು ವಾರ ಗಮನಿಸಿ. ಮತ್ತೆ ಬಂದರೆ ಸಾಕೆಟ್ಟಿನ ಒಳಗನ್ನು ನೋಡಬೇಕು.

ಬ್ಯಾಲಾಸ್ಟಿಗೂ ಇದೇ ಪರೀಕ್ಷೆ. ಇದು ಸಾಧಾರಣವಾಗಿ ಹೆಡ್‌ಲೈಟಿನ ಅಡಿಯಲ್ಲಿ ಅಥವಾ ಪಕ್ಕದಲ್ಲಿ ಅಂಗೈಯಗಲದ ಲೋಹದ ಡಬ್ಬಿಯಾಗಿ ಸ್ಕ್ರೂಗಳಲ್ಲಿ ಕೂತಿರುತ್ತದೆ. ಎರಡೂ ಕಡೆ ಒಂದೇ ಪಾರ್ಟ್ ನಂಬರ್ ಇದ್ದರೆ ಮಾತ್ರ ಅದಲು ಬದಲು ಮಾಡಿ. ಹೊಸ ಕಾಲದ ಕೆಲವು ಕಾರುಗಳಲ್ಲಿ ಇದನ್ನು ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಕೋಡಿಂಗ್ ಮಾಡಬೇಕಾಗುತ್ತದೆ. ಮ್ಯಾನ್ಯುಯಲ್ ನೋಡಿಕೊಂಡು ಕೈ ಹಾಕಿ.

ಮಿಣುಕು ಬ್ಯಾಲಾಸ್ಟಿನ ಜೊತೆ ಹೋದರೆ ಹೊಸ ಬ್ಯಾಲಾಸ್ಟ್ ಬೇಕು. ಬಲ್ಬ್, ಬ್ಯಾಲಾಸ್ಟ್ ಎರಡನ್ನೂ ಅದಲು ಬದಲು ಮಾಡಿದ ಮೇಲೂ ಅದೇ ಕಡೆ ಉಳಿದರೆ ತಪ್ಪು ಆ ಕಡೆಯ ವೈರಿನಲ್ಲಿ, ಇಲ್ಲವೇ ಇಗ್ನೈಟರ್ ಬೇರೆಯಾಗಿದ್ದರೆ ಅದರಲ್ಲಿ.

ನೀರು

ಬ್ಯಾಲಾಸ್ಟ್ ಹೆಡ್‌ಲೈಟಿನ ತಳದಲ್ಲಿ ಇರುವುದರಿಂದ ಒಳಗೆ ಬಂದ ನೀರೆಲ್ಲ ಅದರ ಮೇಲೇ ಇಳಿಯುತ್ತದೆ. ತೆಗೆದಾಗ ಕನೆಕ್ಟರಿನಲ್ಲಿ ಹಸಿರು ಕಿಲುಬು, ಡಬ್ಬಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ನೀರು ಬಹಳ ದಿನದಿಂದ ಹೋಗುತ್ತಿದೆ ಅಂತ ಅರ್ಥ.

ಚಳಿಯ ಬೆಳಿಗ್ಗೆ ಗಾಜಿನ ಒಳಗೆ ತೆಳುವಾದ ಮಂಜು ಕಟ್ಟುವುದು ಬೇರೆ ವಿಷಯ. ದೀಪ ಸ್ವಲ್ಪ ಹೊತ್ತು ಉರಿದರೆ ಅದು ಹೋಗುತ್ತದೆ. ಹನಿಗಳು ಕಟ್ಟಿ ಕೆಳಗೆ ನೀರು ನಿಂತಿದ್ದರೆ ಮಾತ್ರ ಚಿಂತೆ ಮಾಡಬೇಕು. ಬಹಳಷ್ಟು ಸಲ ಕಾರಣ ಸರಳ. ಹಿಂದಿನ ಸಲ ಬಲ್ಬ್ ಬದಲಿಸಿದವರು ಹಿಂದಿನ ಮುಚ್ಚಳವನ್ನು ಸರಿಯಾಗಿ ಹಾಕಿರುವುದಿಲ್ಲ. ಅಥವಾ ರಬ್ಬರ್ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿರುತ್ತದೆ. ಗಾಳಿಯಾಡುವ ಚಿಕ್ಕ ಕೊಳವೆಗೆ ಮಣ್ಣು ತುಂಬಿಕೊಂಡಿರುವುದೂ ಉಂಟು.

ಹೆಡ್‌ಲೈಟ್ ಬಿಚ್ಚಿ, ಮುಚ್ಚಳ ತೆಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಕನೆಕ್ಟರ್ ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ಒಣಗಲು ಬಿಡಿ. ಗ್ಯಾಸ್ಕೆಟ್ ಹಳೆಯದಾಗಿದ್ದರೆ ಹೊಸದು ಹಾಕಿ. ಸಿಲಿಕೋನ್ ಹಚ್ಚಲೇಬೇಕಾದರೆ ವಿನೆಗರ್ ವಾಸನೆ ಬರುವ ಬಗೆಯದನ್ನು ಹಚ್ಚಬೇಡಿ. ಅದರಿಂದ ಬರುವ ಆಮ್ಲದ ಆವಿ ತಾಮ್ರವನ್ನು ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ. ನೀರು ಬರುವ ದಾರಿ ಮುಚ್ಚದೆ ಹೊಸ ಬ್ಯಾಲಾಸ್ಟ್ ಹಾಕಿದರೆ ಅದೂ ಹೀಗೇ ಹೋಗುತ್ತದೆ. ಎಷ್ಟೋ ಜನ ಎರಡೆರಡು ಸಲ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಅರ್ಥ್ ಮತ್ತು ವೈರ್

ಹಳೆ ಕಾರುಗಳಲ್ಲಿ ಹೆಡ್‌ಲೈಟಿನ ಅರ್ಥ್ ವೈರು ಬಾಡಿಗೆ ಒಂದು ಬೋಲ್ಟಿನಲ್ಲಿ ಕೂಡುತ್ತದೆ. ವರ್ಷಗಟ್ಟಲೆ ನೀರು, ಧೂಳು ಬಿದ್ದು ಅಲ್ಲಿ ತುಕ್ಕು ಹಿಡಿಯುತ್ತದೆ. ನೋಡಲು ಗಟ್ಟಿಯಾಗಿಯೇ ಇರುತ್ತದೆ, ಕರೆಂಟ್ ಮಾತ್ರ ಸರಿಯಾಗಿ ಹರಿಯುವುದಿಲ್ಲ.

ಇದನ್ನು ಅಳೆಯುವಾಗ ಜನ ಮಾಡುವ ಒಂದು ತಪ್ಪು ಇದೆ. ಕನೆಕ್ಟರ್ ಕಳಚಿ, ಮೀಟರ್ ಹಿಡಿದು, "12 ವೋಲ್ಟ್ ಬರ್ತಿದೆ, ವೈರ್ ಸರಿ ಇದೆ" ಅನ್ನುತ್ತಾರೆ. ಹೊರೆ ಇಲ್ಲದಾಗ ಒಂದೇ ಒಂದು ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ದೀಪ ಉರಿಯುತ್ತಿರುವಾಗ ಅಳೆದರೆ ಮಾತ್ರ ಬಣ್ಣ ಬಯಲಾಗುತ್ತದೆ.

ಹೀಗೆ ಮಾಡಿ. ಎಲ್ಲ ಜೋಡಿಸಿದ ಸ್ಥಿತಿಯಲ್ಲಿ ಎಂಜಿನ್ ಆನ್ ಮಾಡಿ ದೀಪ ಹಾಕಿ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಬ್ಯಾಲಾಸ್ಟಿಗೆ ಬರುವ ಅರ್ಥ್ ವೈರಿನ ಕನೆಕ್ಟರ್ ಹಿಂಭಾಗಕ್ಕೆ. ಕಾರಿನಿಂದ ಬ್ಯಾಲಾಸ್ಟಿಗೆ ಕರೆಂಟ್ ಬರುವ ಕಡೆಯ ಕನೆಕ್ಟರ್ ಇದು, ಬಲ್ಬಿನ ಕಡೆಯದಲ್ಲ ಅನ್ನುವುದನ್ನು ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ. ಮೀಟರ್ 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿ ಇಲ್ಲ. ಹಾಗೆಯೇ ಬ್ಯಾಟರಿಯ ಪಾಸಿಟಿವ್‌ನಿಂದ ಬ್ಯಾಲಾಸ್ಟಿನ ಪಾಸಿಟಿವ್ ವೈರಿಗೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಫ್ಯೂಸ್, ರಿಲೇ, ನಡುವಿನ ಜೋಡಣೆಗಳನ್ನು ಒಂದೊಂದಾಗಿ ನೋಡಬೇಕು. ದೀಪ ಹತ್ತಿದ ಮೊದಲ ಸೆಕೆಂಡುಗಳಲ್ಲಿ ಮೀಟರಿನ ಮೇಲೆ ಕಣ್ಣಿಡಿ. ಸೋತ ಜೋಡಣೆ ಆಗಲೇ ಜಾಸ್ತಿ ತೋರಿಸುತ್ತದೆ.

ಅರ್ಥ್ ಸರಿ ಮಾಡುವುದು ಕಷ್ಟವಲ್ಲ. ಬ್ಯಾಟರಿ ಕಳಚಿ. ಬೋಲ್ಟ್ ಬಿಚ್ಚಿ ವೈರಿನ ಉಂಗುರ ಮತ್ತು ಬಾಡಿಯ ಆ ಜಾಗ ಎರಡನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವ ಲೋಹ ಕಾಣುವ ತನಕ ಬಿಡಬೇಡಿ. ಬಿಗಿಯಾಗಿ ಕೂರಿಸಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಫ್ಯೂಸನ್ನೂ ತೆಗೆದು ಕಾಲುಗಳನ್ನು ನೋಡಿ. ಕಂದಿದ್ದರೆ, ಸಾಕೆಟ್ ಕಾದ ಗುರುತಿದ್ದರೆ ಅಲ್ಲೇ ಸಡಿಲ ಇದೆ. ಮಿಣುಕುತ್ತದೆ ಅಂತ ದೊಡ್ಡ ಆಂಪಿಯರ್ ಫ್ಯೂಸ್ ಹಾಕುವುದು ಮಾತ್ರ ಬೇಡ, ವೈರಿಗೆ ಬೆಂಕಿ ಹತ್ತುವ ಕೆಲಸ ಅದು.

ಎರಡೂ ಒಟ್ಟಿಗೆ ಮಿಣುಕಿದರೆ

ಎಂಜಿನ್ ಆಫ್ ಇದ್ದು ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ ಸಾಧಾರಣವಾಗಿ 13.8ರಿಂದ 14.5. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಚಾರ್ಜಿಂಗ್ ಅನ್ನು ಏರಿಳಿಸುತ್ತದೆ, ಆದ್ದರಿಂದ ಸ್ವಲ್ಪ ಆಚೀಚೆ ಆದರೆ ಗಾಬರಿ ಬೇಡ. ಎಂಜಿನ್ ನಿಧಾನಕ್ಕೆ ಓಡುವಾಗ ಮಿಣುಕಿ, ಆಕ್ಸಿಲರೇಟರ್ ಒತ್ತಿದಾಗ ಸರಿಯಾದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಯಂತ್ರ), ಅದರ ಬೆಲ್ಟ್, ಬ್ಯಾಟರಿ ಟರ್ಮಿನಲ್ ಈ ಮೂರನ್ನೂ ನೋಡಿ.

ಆಲ್ಟರ್ನೇಟರಿನೊಳಗೆ ಡಯೋಡ್ ಸೋತರೆ ಅದರ ಕರೆಂಟ್ ನಯವಾಗಿ ಬರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಎಂಜಿನ್ ಓಡುತ್ತಾ ದೀಪ ಉರಿಯುತ್ತಿರುವಾಗ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿ ಮೇಲೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅನುಮಾನ ಪಡಿ. ತೀರಾ ಅಗ್ಗದ ಕೆಲವು ಮೀಟರ್‌ಗಳು ಇಲ್ಲಿ ಮೋಸ ಮಾಡುತ್ತವೆ. ಕಡ್ಡಿಗಳನ್ನು ತಿರುಗಿಸಿ ಹಿಡಿದಾಗ ಒಂದು ಸಲ ದೊಡ್ಡ ಅಂಕಿ, ಒಂದು ಸಲ ಸೊನ್ನೆ ಬಂದರೆ ಆ ಮೀಟರ್ ಈ ಪರೀಕ್ಷೆಗೆ ಆಗುವುದಿಲ್ಲ.

ಹ್ಯಾಲೋಜನ್ ಕಾರಿಗೆ ಝೆನಾನ್ ಕಿಟ್ ಹಾಕಿಸಿದ್ದರೆ

ಕಾರಿನ ಕಂಪ್ಯೂಟರ್ ಅಲ್ಲಿ ಹ್ಯಾಲೋಜನ್ ಬಲ್ಬ್ ಇದೆ ಅಂತಲೇ ನಂಬಿರುತ್ತದೆ. ಬಲ್ಬ್ ಸುಟ್ಟಿದೆಯೇ ಅಂತ ನೋಡಲು ಆಗಾಗ ಚಿಕ್ಕ ಕರೆಂಟ್ ತುಣುಕುಗಳನ್ನು ಕಳಿಸುತ್ತದೆ. ಕೆಲವು ಕಾರುಗಳು ಹೆಡ್‌ಲೈಟಿಗೆ ಕರೆಂಟನ್ನೇ ಕಡಿದು ಕಡಿದು ಕೊಡುತ್ತವೆ. ತಂತಿ ಕಾಯುವ ಬಲ್ಬಿಗೆ ಇದು ಗೊತ್ತಾಗುವುದಿಲ್ಲ. ಬ್ಯಾಲಾಸ್ಟಿಗೆ ಆಗುವುದಿಲ್ಲ, ಮಿಣುಕುತ್ತದೆ. ಬ್ಯಾಟರಿಯಿಂದ ನೇರ ಕರೆಂಟ್ ತರುವ, ಫ್ಯೂಸ್ ಇರುವ ರಿಲೇ ವೈರಿಂಗ್ ಹಾಕಿದರೆ ಮಿಣುಕು ಬಹುತೇಕ ನಿಲ್ಲುತ್ತದೆ.

ಆದರೆ ನನ್ನ ಮಾತು ಕೇಳುವುದಾದರೆ ಕಿಟ್ ತೆಗೆದು ಹ್ಯಾಲೋಜನ್‌ಗೆ ವಾಪಸ್ ಹೋಗಿ. 35 ವ್ಯಾಟಿನ ಡಿ2ಎಸ್ ಬಲ್ಬ್ ಸುಮಾರು 3,200 ಲ್ಯೂಮೆನ್ ಬೆಳಕು ಕೊಡುತ್ತದೆ, 55 ವ್ಯಾಟಿನ ಎಚ್7 ಹ್ಯಾಲೋಜನ್ ಸುಮಾರು 1,500. ಹ್ಯಾಲೋಜನ್ನಿನ ತಂತಿಗೆ ಅಳತೆ ಮಾಡಿದ ರಿಫ್ಲೆಕ್ಟರಿನಲ್ಲಿ ಇಷ್ಟು ಬೆಳಕು ಹಾಕಿದರೆ ಅದು ರಸ್ತೆಗಿಂತ ಜಾಸ್ತಿ ಎದುರಿನವರ ಕಣ್ಣಿಗೆ ಹೋಗುತ್ತದೆ. ಅನೇಕ ದೇಶಗಳಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ. ಎದುರಿಗೆ ಬೈಕಿನಲ್ಲಿ ಬರುವವರು ಒಂದು ಕ್ಷಣ ಏನೂ ಕಾಣದೆ ತಡವರಿಸುತ್ತಾರೆ. ಅವರ ಜಾಗದಲ್ಲಿ ನಿಂತು ಯೋಚಿಸಿ, ಅಲ್ವಾ?

ಹೊಸದು ಹಾಕುವಾಗ

ಝೆನಾನ್ ಬಲ್ಬ್ ಸಾಧಾರಣವಾಗಿ 2,000ದಿಂದ 3,000 ಗಂಟೆ ಬಾಳುತ್ತದೆ. ಒಂದು ಹೋಯಿತು ಅಂದರೆ ಅದರ ಜೊತೆಯದೂ ಅಷ್ಟೇ ಗಂಟೆ ಉರಿದಿರುತ್ತದೆ. ಜೋಡಿಯಾಗಿ ಬದಲಿಸಿ. ಇಲ್ಲವಾದರೆ ಎರಡು ಕಡೆ ಎರಡು ಬಣ್ಣ ಕಾಣುತ್ತದೆ. ಕಂಪನಿ ಬಲ್ಬುಗಳ ಬಣ್ಣ ಸುಮಾರು 4,300 ಕೆಲ್ವಿನ್. 6,000, 8,000 ಅಂತ ಬರೆದ ನೀಲಿ ಬಲ್ಬುಗಳು ನೋಡಲು ಚೆಂದ, ರಸ್ತೆಗೆ ಬೀಳುವ ಬೆಳಕು ಮಾತ್ರ ಕಡಿಮೆ. ಮಳೆಯಲ್ಲಂತೂ ಏನೂ ಕಾಣುವುದಿಲ್ಲ. ಹೆಸರಾದ ಕಂಪನಿಗಳ ಡಬ್ಬಿಯಲ್ಲಿ ನಕಲಿ ಬಲ್ಬುಗಳು ಬರುತ್ತವೆ, ಹೊಸದರಲ್ಲೇ ಮಿಣುಕುತ್ತವೆ. ನಂಬಿಕೆಯ ಅಂಗಡಿಯಲ್ಲಿ, ಬಿಲ್ ಹಾಕಿಸಿಯೇ ಕೊಳ್ಳಿ.

ಹಳೆಯ ಡಿ1, ಡಿ2 ಬಲ್ಬುಗಳಲ್ಲಿ ಸ್ವಲ್ಪ ಪಾದರಸ ಇರುತ್ತದೆ. ಕಸದ ಬುಟ್ಟಿಗೆ ಎಸೆಯಬೇಡಿ. ಹೊಸ ಬಲ್ಬಿನ ಡಬ್ಬಿಯಲ್ಲೇ ಇಟ್ಟು ಇ-ಕಸ ತೆಗೆದುಕೊಳ್ಳುವ ಕಡೆ ಕೊಡಿ. ಒಡೆದರೆ ಕಿಟಕಿ ಬಾಗಿಲು ತೆರೆದು ಸ್ವಲ್ಪ ಹೊತ್ತು ಆಚೆ ಹೋಗಿ. ಆಮೇಲೆ ಚೂರುಗಳನ್ನು ಗಟ್ಟಿ ಕಾಗದದಲ್ಲಿ ಗೋರಿ ಎತ್ತಿ.

ಹೆಡ್‌ಲೈಟ್ ಬಿಚ್ಚುವ ಕೆಲಸ ಇದ್ದರೆ ಮೊದಲೇ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಗೋಡೆ ಮೇಲೆ ಬೆಳಕಿನ ಗೆರೆ ಎಲ್ಲಿ ಬೀಳುತ್ತದೆ ಅಂತ ಟೇಪ್ ಅಂಟಿಸಿ. ಚಕ್ರಗಳು ನಿಂತ ಜಾಗಕ್ಕೂ ನೆಲದ ಮೇಲೆ ಗುರುತು ಹಾಕಿ. ಕೆಲಸ ಮುಗಿದ ಮೇಲೆ ಅದೇ ಗುರುತಿನ ಮೇಲೆ ನಿಲ್ಲಿಸಿದರೆ ಗೆರೆ ಮೇಲೇರಿದೆಯೋ ಕೆಳಗಿಳಿದಿದೆಯೋ ಗೊತ್ತಾಗುತ್ತದೆ. ಬೆರಳಗಲ ಮೇಲೇರಿದ್ದರೂ ಹೆಡ್‌ಲೈಟ್ ಹಿಂದಿನ ಸ್ಕ್ರೂ ತಿರುಗಿಸಿ ಟೇಪಿನ ಗೆರೆಗೆ ಇಳಿಸಿ. ಆಮೇಲೆ ದೀಪ ಹಾಕಿಕೊಂಡು ಅರ್ಧ ಗಂಟೆ ಓಡಿಸಿ, ಮತ್ತೆ ಅದೇ ಗೋಡೆ ಮುಂದೆ ತಂದು ನಿಲ್ಲಿಸಿ ನೋಡಿ.